ಆಯಿಯ ಕತಿ, ಅಲ್ಲಮನ ವಚನ, ಶಿಕಾಗೋದ ಮಾಸ್ತರು: ಎ. ಕೆ. ರಾಮಾನುಜನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಭಾನುವಾರ ಸೇರಿ ಓದುತ್ತೇವೆ. ಒಬ್ಬರು ಬ್ಯಾಂಕಿನವರು, ಇಬ್ಬರು ಸಾಲಿ ಮಾಸ್ತರು, ಉಳಿದವರು ಎಂ.ಎ. ಓದುವ ಹುಡುಗ ಹುಡುಗಿಯರು, ಜೊತೆಗೆ ನಾನು. ಹೋದ ವರ್ಷ ಪೂರ್ತಿ ಎ. ಕೆ. ರಾಮಾನುಜನ್ ಅವರನ್ನೇ ಹಿಡಿದು ಕೂತಿದ್ದೆವು. ಬೀದರ್, ಯಾದಗಿರಿಯಿಂದಲೂ ಆಗಾಗ ಜನ ಬರುತ್ತಿದ್ದರು. ಬಂದವರೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆ ಕೇಳುತ್ತಿದ್ದರು. ಪ್ರತಿ ಸಲ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಬರೆದಿಟ್ಟಿದ್ದೇನೆ.

ರಾಮಾನುಜನ್ ಅಂದರೆ ಗಣಿತದವರು ಅಲ್ವಾ?

ಅಲ್ರೀ. ಇವರು ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್. 1929ರ ಮಾರ್ಚ್ 16ರಂದು ಮೈಸೂರಿನಲ್ಲಿ ಹುಟ್ಟಿದರು. 1993ರ ಜುಲೈ 13ರಂದು ಶಿಕಾಗೋದಲ್ಲಿ ತೀರಿಕೊಂಡರು. ತಮಾಷೆ ನೋಡಿ, ಅವರ ತಂದೆ ಮಾತ್ರ ಗಣಿತದ ಪ್ರೊಫೆಸರೇ. ಮಗ ಕವಿಯಾದರು, ಭಾಷಾ ವಿಜ್ಞಾನಿಯಾದರು, ಅನುವಾದಕರಾದರು, ಜನಪದ ಕಥೆ ಕೂಡಿಹಾಕುವವರಾದರು. 1962ರಿಂದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1976ರಲ್ಲಿ ಪದ್ಮಶ್ರೀ ಬಂತು.

ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಮಹಡಿ ಮೇಲೆ ಅಪ್ಪನ ಕೋಣೆಯಲ್ಲಿ ಇಂಗ್ಲಿಷ್. ಹೀಗೆ ಮೂರು ಭಾಷೆಯ ನಡುವೆ ಬೆಳೆದವರು. ಮೈಸೂರಿನವರಿಗೆ ಇದು ದೊಡ್ಡ ವಿಷಯ ಅನ್ನಿಸಬಹುದು. ನಮಗೇನು? ಮನೆಯಲ್ಲಿ ಕನ್ನಡ, ಸಂತೆಯಲ್ಲಿ ದಖ್ಖನಿ, ಗಡಿ ಹತ್ತಿರದ ಬೀಗರ ಜೊತೆ ಮರಾಠಿ ಇಲ್ಲವೇ ತೆಲುಗು. ಬೀದರಿನ ಒಂದು ಚಹಾದಂಗಡಿಯಲ್ಲಿ ಅರ್ಧ ಗಂಟೆ ಕೂತರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ. ಹಾಗಾಗಿ ರಾಮಾನುಜನ್ ಬರೆದದ್ದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ ಅನ್ನೋದು ನನ್ನ ನಂಬಿಕೆ.

ಮೈಸೂರಿನವರು, ಶಿಕಾಗೋದಲ್ಲಿ ಇದ್ದವರು. ನಮ್ಮ ಸೀಮೆಗೂ ಅವರಿಗೂ ಏನು ಸಂಬಂಧ?

ಬಹಳ ಇದೆ. ಹೊರಗಿನ ಜಗತ್ತಿಗೆ ಅವರ ಹೆಸರನ್ನು ಮುಟ್ಟಿಸಿದ ಪುಸ್ತಕ 1973ರ 'ಸ್ಪೀಕಿಂಗ್ ಆಫ್ ಶಿವ'. ಅದು ವಚನಗಳ ಇಂಗ್ಲಿಷ್ ಅನುವಾದ. ಅದರಲ್ಲಿರುವುದು ನಾಲ್ಕೇ ಜನ ವಚನಕಾರರು: ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು. ಬಸವಣ್ಣ ಬಿಜ್ಜಳನ ಬಳಿ ಮಂತ್ರಿಯಾಗಿದ್ದದ್ದು ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಅಕ್ಕ ನಡೆದು ಬಂದದ್ದು ಅಲ್ಲಿಗೇ. ಅಲ್ಲಮ ಅವಳನ್ನು ಪ್ರಶ್ನೆ ಕೇಳಿ ಕೇಳಿ ಪರೀಕ್ಷೆ ಮಾಡಿದ್ದೂ ಅಲ್ಲೇ, ಶರಣರ ಮಾತುಕತೆ ಕಟ್ಟಿಕೊಟ್ಟ ಹಳೆಯ ಗ್ರಂಥ ಶೂನ್ಯಸಂಪಾದನೆ ಹೇಳುವ ಪ್ರಕಾರ. ದಾಸಿಮಯ್ಯನ ಊರು ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮುದನೂರು. ಅಲ್ಲಿನ ರಾಮನಾಥನೇ ಅವನ ಅಂಕಿತ, ಅಂದರೆ ವಚನದಲ್ಲಿ ಗುರುತಾಗಿ ಬರುವ ದೇವರ ಹೆಸರು.

ಹೆಣ್ಣು ಗಂಡು ಎಂಬ ಗುರುತೆಲ್ಲ ಮುಡಿ, ಮೀಸೆಯಂಥ ಹೊರಗಿನ ಲೆಕ್ಕ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದು ದಾಸಿಮಯ್ಯ ಹೇಳಿದ ವಚನ ಇದೆಯಲ್ಲ, ಅದನ್ನು ಇವತ್ತು ದೂರದೂರದ ದೇಶದ ವಿದ್ಯಾರ್ಥಿಗಳು ತರಗತಿಯಲ್ಲಿ ಓದುತ್ತಾರೆ. ಮುದನೂರಿನ ನೇಕಾರನ ಮಾತು ಅಲ್ಲಿಗೆ ಹೋದದ್ದು ಈ ಪುಸ್ತಕದ ಹಾದಿಯಲ್ಲಿ.

ವಚನವನ್ನು ಅವರು ಇಂಗ್ಲಿಷಿಗೆ ತಂದದ್ದು ಹೇಗೆ? ಅಂಕಿತವನ್ನೇ ಬದಲಿಸಿದರಂತೆ?

ನಮ್ಮ ಕೂಟದಲ್ಲಿ ಜಾಸ್ತಿ ಜಗಳ ಆದದ್ದು ಈ ಪ್ರಶ್ನೆಗೆ. ಹೌದು, ಬದಲಿಸಿದರು. 'ಕೂಡಲಸಂಗಮದೇವ' ಎಂಬಲ್ಲಿ 'ಕೂಡುವ ನದಿಗಳ ಒಡೆಯ' ಎಂಬ ಅರ್ಥದ ಇಂಗ್ಲಿಷ್ ಇದೆ. 'ಚೆನ್ನಮಲ್ಲಿಕಾರ್ಜುನ' ಎಂಬಲ್ಲಿ 'ಮಲ್ಲಿಗೆಯ ಹಾಗೆ ಬಿಳುಪಾದ ಒಡೆಯ'. 'ಗುಹೇಶ್ವರ' ಎಂಬಲ್ಲಿ 'ಗುಹೆಗಳ ಒಡೆಯ'. ರಾಮನಾಥ ಮಾತ್ರ ರಾಮನಾಥನಾಗಿಯೇ ಉಳಿದ.

ಸಿಕ್ಕದ್ದೇನು? ಹೆಸರಿನೊಳಗೆ ಮಲಗಿದ್ದ ಚಿತ್ರ ಎದ್ದು ಕೂತಿತು. ಹುಟ್ಟಿದಾಗಿನಿಂದ ಚೆನ್ನಮಲ್ಲಿಕಾರ್ಜುನ ಎಂದು ಕೇಳುತ್ತ ಬಂದ ನನಗೆ ಅದರಲ್ಲಿ ಮಲ್ಲಿಗೆ ಇದೆ, ಅರ್ಜುನ ಅಂದರೆ ಬಿಳಿ ಎಂದು ಹೊಳೆದದ್ದು ಆ ಇಂಗ್ಲಿಷ್ ಓದಿದ ಮೇಲೆ. ಸ್ವಲ್ಪ ನಾಚಿಕೆಯೂ ಆಯಿತು.

ಹೋದದ್ದೇನು? ಊರು. ಕೂಡಲಸಂಗಮ ನಮಗೆ ಬಸ್ ಹತ್ತಿ ಹೋಗುವ ಜಾಗ. ಕೃಷ್ಣೆ ಮಲಪ್ರಭೆ ಅಲ್ಲಿ ಕೂಡುತ್ತವೆ, ಕಾಲು ಒದ್ದೆ ಮಾಡಿಕೊಂಡು ಬರಬಹುದು. ಮಲ್ಲಿಕಾರ್ಜುನ ಅಂದರೆ ಶ್ರೀಶೈಲದ ಮಲ್ಲಯ್ಯ. ಯುಗಾದಿ ಹತ್ತಿರ ಬಂದರೆ ಬಿಸಿಲಲ್ಲಿ ಕಂಬಿ ಹೊತ್ತು ನಡೆದು ಹೋಗುವವರು ನಮ್ಮ ಓಣಿಯಲ್ಲೇ ಇದ್ದಾರೆ. ಇಂಗ್ಲಿಷ್ ಓದುಗನಿಗೆ ನದಿ, ಹೂವು ಸಿಕ್ಕವು. ಈ ಧೂಳು ಸಿಗಲಿಲ್ಲ.

ಇನ್ನೊಂದು ವಿಷಯ ಸಾಲುಗಳದ್ದು. ಓಲೆಗರಿಯಲ್ಲಿ ವಚನ ಉದ್ದಕ್ಕೆ ಗದ್ಯದ ಹಾಗೆ ಹರಿಯುತ್ತದೆ. ರಾಮಾನುಜನ್ ಅದನ್ನು ಸಣ್ಣ ಸಣ್ಣ ಸಾಲಾಗಿ ಒಡೆದರು. ಎಲ್ಲಿ ಉಸಿರು ನಿಲ್ಲಬೇಕೋ ಅಲ್ಲಿ ಸಾಲು ನಿಲ್ಲಿಸಿದರು. ಪುಟದ ಮೇಲೆ ಅದು ಆ ಕಾಲದ ಹೊಸ ಇಂಗ್ಲಿಷ್ ಕವನದ ಹಾಗೆ ಕಾಣುತ್ತದೆ. ಅದು ಬೇಕೆಂದೇ ಮಾಡಿದ ಕೆಲಸ. ಎಂಟು ನೂರು ವರ್ಷದ ಹಿಂದಿನ ಮಾತು ಹಳೆಯದಾಗಿ ಕೇಳಬಾರದು, ಈಗ ತಾನೇ ಯಾರೋ ಎದುರಿಗೆ ನಿಂತು ಹೇಳಿದ ಹಾಗಿರಬೇಕು ಎಂಬ ಹಟ.

'ಸ್ಥಾವರ–ಜಂಗಮ' ಎಂದು ಎಲ್ಲ ಉಪನ್ಯಾಸದಲ್ಲೂ ಹೇಳುತ್ತಾರೆ. ರಾಮಾನುಜನ್ ಅದರಲ್ಲಿ ಹೊಸದಾಗಿ ಹೇಳಿದ್ದೇನು?

'ಉಳ್ಳವರು ಶಿವಾಲಯ ಮಾಡುವರು' ವಚನವನ್ನು ಅವರು ತಮ್ಮ ಮುನ್ನುಡಿಯ ಬೀಗದ ಕೀಲಿಯಾಗಿ ಇಟ್ಟುಕೊಂಡರು. ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶ. ನಿಂತದ್ದು ಅಳಿಯುತ್ತದೆ, ನಡೆಯುವುದು ಉಳಿಯುತ್ತದೆ. ಗುಡಿ ಕಟ್ಟುವಾಗ ದೇಹದ ಹಾಗೆ ಕಟ್ಟುತ್ತಾರೆ, ಆಮೇಲೆ ಜನ ಅದು ದೇಹ ಎಂಬುದನ್ನೇ ಮರೆಯುತ್ತಾರೆ, ಬಸವಣ್ಣ ಅದನ್ನು ಮತ್ತೆ ದೇಹಕ್ಕೆ ತಂದ ಎಂದು ಬಿಡಿಸಿ ತೋರಿಸಿದರು.

ನನಗೆ ಇಲ್ಲಿ ಇನ್ನೊಂದು ಕಾಣುತ್ತದೆ. ಬರೆದಿಟ್ಟ ಮಾತು ಸ್ಥಾವರ, ಬಾಯಿಂದ ಬಾಯಿಗೆ ಹೋಗುವ ಮಾತು ಜಂಗಮ ಅನ್ನಬಹುದಲ್ವಾ? ರಾಮಾನುಜನ್ ಮುಂದೆ ಮಾಡಿದ ಜನಪದ ಕೆಲಸವೆಲ್ಲ ಈ ವಚನದ ಬೆನ್ನು ಹಿಡಿದು ಹೊರಟ ಹಾಗಿದೆ. ಇದು ನನ್ನ ಓದು, ಅವರ ತಲೆಗೆ ಕಟ್ಟುತ್ತಿಲ್ಲ.

'ವಸಾಹತೋತ್ತರ ಸಾಹಿತ್ಯ' ಅಂತಾರಲ್ಲ, ಸರಳವಾಗಿ ಏನದು?

ಆಳಿದವರು ಹೋದ ಮೇಲೂ ಅವರ ಭಾಷೆ, ಅವರ ಪಠ್ಯ, ಯಾವುದು ಒಳ್ಳೆಯ ಸಾಹಿತ್ಯ ಎಂಬ ಅವರ ಅಳತೆ ನಮ್ಮ ತಲೆಯಲ್ಲಿ ಉಳಿಯುತ್ತವೆ. ಅದರ ಜೊತೆ ಗುದ್ದಾಡುತ್ತ ಬರೆದದ್ದು, ಅಷ್ಟೇ.

ಆದರೆ ನಮ್ಮ ಸೀಮೆಯ ಕಥೆ ಪಠ್ಯಪುಸ್ತಕದಷ್ಟು ನೇರ ಇಲ್ಲ. ಇಲ್ಲಿ ಆಳಿದವರು ನಿಜಾಮರು. ಅವರ ತಲೆ ಮೇಲೆ ಕೂತವರು ಬ್ರಿಟಿಷರು. ನಮ್ಮ ಮುತ್ಯಾಂದಿರು ಸಾಲಿಯಲ್ಲಿ ಓದಿದ್ದು ಉರ್ದು. 1948ರ ಸೆಪ್ಟೆಂಬರ್ 17ರವರೆಗೂ ಇದೇ ಸ್ಥಿತಿ. 1956ರಲ್ಲಿ ಕನ್ನಡ ನಾಡಿಗೆ ಸೇರಿದೆವು. ಹಾಗಾಗಿ 'ಇಂಗ್ಲಿಷ್ ಒಂದು ಕಡೆ, ಕನ್ನಡ ಒಂದು ಕಡೆ' ಎಂಬ ಲೆಕ್ಕ ಇಲ್ಲಿ ಕೂಡಿಬರುವುದಿಲ್ಲ.

ಸುರಪುರಕ್ಕೆ ಹೋದವರು ಟೇಲರ್ ಮಂಜಿಲ್ ನೋಡಿರುತ್ತೀರಿ. ಫಿಲಿಪ್ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ 1841ರಿಂದ 1853ರವರೆಗೆ ಅಲ್ಲಿ ಇದ್ದ. ಆಡಳಿತ ನೋಡಿಕೊಂಡ, ಕಾದಂಬರಿಗಳನ್ನೂ ಬರೆದ. ಠಕ್ಕರ ಬಗ್ಗೆ ಅವನು 1839ರಲ್ಲಿ ತಂದ ಕಾದಂಬರಿಯನ್ನು ಲಂಡನ್ನಿನ ಜನ ಮುಗಿಬಿದ್ದು ಓದಿದರು. ಅಂದರೆ ನಮ್ಮ ದಖ್ಖನಿನ ಕಥೆಯನ್ನು ಇಂಗ್ಲಿಷಿಗೆ ಸಾಗಿಸಿದವರಲ್ಲಿ ರಾಮಾನುಜನ್ ಮೊದಲಿಗರಲ್ಲ. ವ್ಯತ್ಯಾಸ ನೋಡಿ. ಟೇಲರ್ ಈ ಜನರ ಬಗ್ಗೆ ಹೇಳಿದ. ರಾಮಾನುಜನ್ ಈ ಜನರೇ ಮಾತಾಡಲಿ ಎಂದು ಪಕ್ಕಕ್ಕೆ ಸರಿದು ನಿಂತರು. ಪೂರ್ತಿ ಸರಿದರಾ ಎಂಬುದು ಮುಂದಿನ ಪ್ರಶ್ನೆ.

ಅವರ ಅನುವಾದವನ್ನು ಬೈದವರೂ ಇದ್ದಾರಂತೆ?

ಇದ್ದಾರೆ, ಗಟ್ಟಿಯಾಗಿಯೇ. ತೇಜಸ್ವಿನಿ ನಿರಂಜನ ಅವರು 1992ರ 'ಸೈಟಿಂಗ್ ಟ್ರಾನ್ಸ್‌ಲೇಶನ್' ಪುಸ್ತಕದಲ್ಲಿ ಅಲ್ಲಮನ ಒಂದು ವಚನವನ್ನು ಎತ್ತಿಕೊಂಡು ರಾಮಾನುಜನ್ ಇಂಗ್ಲಿಷಿನ ಜೊತೆ ಇಟ್ಟು ನೋಡಿದರು. ವಸಾಹತು ಕಾಲದಿಂದ ಬಂದ ಕಣ್ಣೇ ಇಲ್ಲೂ ಕೆಲಸ ಮಾಡಿದೆ, ವಚನಕಾರರು ಪಶ್ಚಿಮದ ಭಕ್ತಿಕವಿಗಳ ಹಾಗೆ, ಆಧುನಿಕ ಕವಿಗಳ ಹಾಗೆ ಕೇಳಿಸುತ್ತಾರೆ ಎಂಬುದು ಅವರ ತಕರಾರಿನ ತಿರುಳು.

ನನ್ನ ಅಭಿಪ್ರಾಯ ಕೇಳಿದರೆ, ತಕರಾರು ಅರ್ಧ ಸರಿ. ಅಲ್ಲಮನ ಬೆಡಗು, ಅಂದರೆ ಒಗಟಿನ ಹಾಗೆ ಹೇಳುವ ರೀತಿ, ಇಂಗ್ಲಿಷಿನಲ್ಲಿ ಸ್ವಲ್ಪ ಜಾಸ್ತಿಯೇ ಬೆಳಕಾಗಿದೆ. ಕನ್ನಡದಲ್ಲಿ ಆ ಕತ್ತಲೆ ಇರಬೇಕು. ಆದರೆ ಬಸವಣ್ಣನ ವಚನದಲ್ಲಿ ರಾಮಾನುಜನ್ ತಂದ ಸಿಟ್ಟು, ಹತಾಶೆ, ತನ್ನನ್ನೇ ತಾನು ಹಂಗಿಸಿಕೊಳ್ಳುವ ದನಿ ಇದೆಯಲ್ಲ, ಅದು ನಮ್ಮ ಸಭೆ ಸಮಾರಂಭದ ಬಸವಣ್ಣನಲ್ಲಿ ಕಳೆದೇ ಹೋಗಿತ್ತು. ಅದಕ್ಕೆ ಅವರಿಗೆ ಋಣಿ.

ಜನಪದ ಕಥೆಗೂ ಅವರಿಗೂ ನಂಟು ಹೇಗೆ ಬಂತು?

1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಮಾಸ್ತರಾಗಿದ್ದಾಗಲೇ ಕಥೆ ಬರೆದುಕೊಳ್ಳಲು ಹಿಡಿದಿದ್ದರು. ಕೊನೆಯವರೆಗೂ ಬಿಡಲಿಲ್ಲ. 1991ರಲ್ಲಿ ದೇಶದ 22 ಭಾಷೆಗಳಿಂದ 110 ಕಥೆಗಳ ಸಂಕಲನ ತಂದರು. ಕರ್ನಾಟಕದ ಕಥೆಗಳದ್ದೇ ಇನ್ನೊಂದು ಪುಸ್ತಕ ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂತು. ಅದರಲ್ಲಿ 77 ಕಥೆ.

ಅವರು ಆಗಾಗ ಹೇಳುತ್ತಿದ್ದ ಒಂದು ಕಥೆ ಇದೆ. ಒಬ್ಬ ಮುದುಕಿ ಮನೆ ಹೊರಗೆ ಏನೋ ಹುಡುಕುತ್ತಿದ್ದಳು. ಏನು ಕಳೀತು ಆಯಿ ಅಂದರೆ, ಕೀಲಿ ಅಂದಳು. ಎಲ್ಲಿ ಬಿತ್ತು ಅಂದರೆ, ಮನೆಯೊಳಗೆ ಅಂದಳು. ಮತ್ತೆ ಹೊರಗ್ಯಾಕೆ ಹುಡುಕುತ್ತೀ? ಒಳಗೆ ಕತ್ತಲಪ್ಪಾ, ಇಲ್ಲಿ ಬೆಳಕದ. ನಮ್ಮ ಸಂಸ್ಕೃತಿಯನ್ನು ಬೆಳಕಿರುವ ಕಡೆ, ಅಂದರೆ ದೊಡ್ಡ ಗ್ರಂಥಗಳಲ್ಲಿ ಮಾತ್ರ ಹುಡುಕುವವರಿಗೆ ಅವರು ಕೊಟ್ಟ ಪೆಟ್ಟು ಇದು. ಒಳಗೆ, ಅಡುಗೆಮನೆಗೆ ಹೋಗಿ ಅಂದರು.

'ನಾಗಮಂಡಲ'ದ ಕಥೆ ಅವರದ್ದೇ ಅಂತಾರೆ. ನಿಜವಾ?

ಅವರು ಕಟ್ಟಿದ ಕಥೆ ಅಲ್ಲ, ಕೇಳಿ ಬರೆದುಕೊಂಡ ಕಥೆ. ಗಿರೀಶ ಕಾರ್ನಾಡರು 'ನಾಗಮಂಡಲ'ವನ್ನು ರಾಮಾನುಜನ್ ಬಾಯಿಂದ ಕೇಳಿದ ಎರಡು ಕಥೆಗಳ ಮೇಲೆ ಕಟ್ಟಿದೆ ಎಂದು ತಾವೇ ಹೇಳಿದ್ದಾರೆ. ಒಂದು, ಗಂಡನನ್ನು ಒಲಿಸಿಕೊಳ್ಳಲು ಬೇರು ಅರೆದ ಹೆಂಡತಿಗೆ ನಾಗರಹಾವು ಗಂಡನ ರೂಪದಲ್ಲಿ ಬರುವುದು.

ಎರಡನೆಯದು ನನಗೆ ಪ್ರಾಣ. ಒಬ್ಬಾಕೆಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಒಳಗೆ ಕೂತು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲಲ್ಲಿ ಒಂದು ಜೊತೆ ಕೆರವಾಗಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ, ನೋಡಿದ, ಯಾರದು ಅಂದ. ಗೊತ್ತಿಲ್ಲ ಅಂದಳು. ಜಗಳ. ಅವನು ಸಿಟ್ಟಿಗೆದ್ದು ಹನುಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಕುಡಿಗಳು ಆ ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತಿದ್ದವು. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದು ಹೇಳಿತು. ಅವನು ಕೇಳಿಸಿಕೊಂಡ. ಮನೆಗೆ ಹೋಗಿ, ನಿನಗೊಂದು ಕಥೆ, ಒಂದು ಹಾಡು ಗೊತ್ತಂತಲ್ಲ ಅಂದ. ಯಾವ ಕಥೆ, ಯಾವ ಹಾಡು ಅಂದಳು ಅವಳು.

ಹೂವಿನ ಗಿಡವಾಗುವ ಹುಡುಗಿಯ ಕಥೆಯೂ ಹಾಗೇ ದೂರ ಹೋಯಿತು. ಒಂದು ಕೊಡ ನೀರು ಸುರಿದರೆ ಅವಳು ಗಿಡವಾಗುತ್ತಾಳೆ. ಟೊಂಗೆ ಮುರಿಯದೆ ಹೂವು ಬಿಡಿಸಿ ಇನ್ನೊಂದು ಕೊಡ ನೀರು ಸುರಿದರೆ ಹುಡುಗಿಯಾಗುತ್ತಾಳೆ. ನಾದಿನಿಯ ಗುಂಪು ಟೊಂಗೆ ಮುರಿಯುತ್ತದೆ, ಅವಳು ಕೈಕಾಲಿಲ್ಲದ ಬೊಡ್ಡೆಯಾಗಿ ಬೀಳುತ್ತಾಳೆ. ಕಾರ್ನಾಡರು ಇದನ್ನು 1992ರಲ್ಲಿ 'ಚೆಲುವಿ' ಸಿನಿಮಾ ಮಾಡಿದರು. ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಇದನ್ನೇ ಒಪೆರಾ ಮಾಡಿದರು. ನಮ್ಮ ಕನ್ನಡದ ಯಾವುದೋ ಪಡಸಾಲೆಯಲ್ಲಿ ಅವ್ವ ಊಟ ಮಾಡಿಸುತ್ತ ಹೇಳಿದ ಕಥೆ!

ಹೆಂಗಸರು ಹೇಳುವ ಕಥೆ ಬೇರೆ ಅಂತ ಅವರು ಹೇಳಿದ್ದು ಯಾಕೆ?

ರಾಜಕುಮಾರನ ಕಥೆ ಮದುವೆಯಲ್ಲಿ ಮುಗಿಯುತ್ತದೆ. ಹೆಂಗಸರು ಹೇಳುವ ಹೆಂಗಸಿನ ಕಥೆಯಲ್ಲಿ ಮದುವೆ ಬೇಗ ಆಗಿಬಿಡುತ್ತದೆ, ಕಷ್ಟ ಶುರುವಾಗುವುದು ಆಮೇಲೆ. ಕೊನೆಗೆ ಅವಳು ತನ್ನ ಕಥೆಯನ್ನು ಯಾರಿಗಾದರೂ ಹೇಳಿದಾಗಲೇ ಬಿಡುಗಡೆ. ನಮ್ಮ ಕೂಟದಲ್ಲಿ ಇದನ್ನು ಓದಿದ ದಿನ ಹೆಣ್ಣುಮಕ್ಕಳು ನಕ್ಕರು, ಗಂಡಸರು ಸುಮ್ನೆ ಕೂತಿದ್ದೆವು.

ಮನೆಯೊಳಗೆ ಹೇಳುವ ಕಥೆಯಲ್ಲಿ ಹೆಸರಿರುವುದಿಲ್ಲ, ಒಂದೂರಾಗ ಒಬ್ಬ ರಾಜ ಅಷ್ಟೇ. ಅದೇ ಕಥೆ ಬಯಲಿಗೆ ಬಂದು ಊರ ಮುಂದೆ ನಿಂತಾಗ ಪಾತ್ರಕ್ಕೆ ಹೆಸರು ಬರುತ್ತದೆ, ಊರು ಬರುತ್ತದೆ, ಬಣ್ಣ, ಕಿರೀಟ, ಭುಜಕೀರ್ತಿ ಬರುತ್ತವೆ. ಇದೂ ಅವರದೇ ಗಮನ. ಬಯಲಲ್ಲಿ ಆಡುವ ದೊಡ್ಡಾಟ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ರಾಮಾಯಣದ ಬಗ್ಗೆ ಏನೋ ಗಲಾಟೆ ಆಗಿತ್ತಲ್ಲ?

'ಮುನ್ನೂರು ರಾಮಾಯಣ' ಎಂದು ಕರೆಯುವ ಪ್ರಬಂಧ ಅದು. ಒಂದೇ ಮೂಲ, ಉಳಿದವು ಅದರ ನಕಲು ಎಂಬ ಮಾತನ್ನು ಅವರು ಒಪ್ಪಲಿಲ್ಲ. ವಾಲ್ಮೀಕಿ, ಕಂಬ, ಜೈನರು, ಥಾಯ್ ಜನ, ಎಲ್ಲರದ್ದೂ ಒಂದೊಂದು ಹೇಳಿಕೆ ಅಂದರು. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅದನ್ನು ಇತಿಹಾಸದ ಪಠ್ಯದಿಂದ ತೆಗೆದುಹಾಕಿತು.

ಅದರಲ್ಲಿ ಕನ್ನಡದ್ದೇ ಒಂದು ತುಣುಕು ಇದೆ. ತಂಬೂರಿ ದಾಸಯ್ಯ ಹಾಡುವ ಕಥೆಯಲ್ಲಿ ರಾವುಳ, ಅಂದರೆ ರಾವಣ, ಮಾವಿನ ಹಣ್ಣು ತಿಂದು ತಾನೇ ಬಸುರಾಗುತ್ತಾನೆ, ಸೀನಿದಾಗ ಮೂಗಿನಿಂದ ಮಗಳು ಹುಟ್ಟುತ್ತಾಳೆ. ಸೀತದ್ದಕ್ಕೆ ಸೀತೆ! ಹೆಸರಿನ ಈ ಆಟ ಕನ್ನಡದಲ್ಲಿ ಮಾತ್ರ ಸಾಧ್ಯ.

ನಮ್ಮ ಕಲಬುರಗಿ ಕಡೆಯ ಹಾಡು, ಪದಗಳನ್ನು ಅವರ ಕಣ್ಣಿಂದ ನೋಡಿದರೆ ಏನು ಕಾಣುತ್ತದೆ?

ಅವರು ಒತ್ತಿ ಹೇಳಿದ್ದು ಎರಡು. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದು ಬಿಟ್ಟರೆ ಕಥೆಗೆ ಅರ್ಥ ಇಲ್ಲ. ಮತ್ತೆ, ಯಾವ ಪಠ್ಯವೂ ಒಂಟಿ ಅಲ್ಲ, ಒಂದು ಇನ್ನೊಂದರ ಜೊತೆ ಮಾತಾಡುತ್ತದೆ.

ಬೀಸುವ ಪದ ತೆಗೆದುಕೊಳ್ಳಿ. ನಸುಕಿನಲ್ಲಿ ಜೋಳ ಬೀಸುತ್ತ ಅತ್ತೆ ಸೊಸೆ ಎದುರುಬದುರು ಕೂತು ಹಾಡುತ್ತಿದ್ದರು. ಕಲ್ಲು ಒಂದು ಸುತ್ತು ಬರುವಷ್ಟೇ ಸಾಲಿನ ಉದ್ದ. ಅದೇ ದಖ್ಖನಿನಲ್ಲಿ ಸೂಫಿಗಳು 'ಚಕ್ಕಿನಾಮಾ' ಎಂಬ ಪದ ಕಟ್ಟಿದರು. ಮುಸ್ಲಿಂ ಹೆಣ್ಣುಮಕ್ಕಳು ಬೀಸುತ್ತ ಹಾಡಲಿ ಎಂದು ಬೀಸುಕಲ್ಲಿನ ಗೂಟ, ಹಿಡಿಕೆಯಲ್ಲೇ ದೇವರ ತತ್ವ ತುಂಬಿದರು. ಕಲ್ಲು ಒಂದೇ, ಭಾಷೆ ಎರಡು. ರಾಮಾನುಜನ್ ಈ ಎರಡನ್ನು ಅಕ್ಕಪಕ್ಕ ಇಟ್ಟು ಬರೆದಿದ್ದರೆ ಎಂದು ನಾನು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಕಡಕೋಳ ಮಡಿವಾಳಪ್ಪನ ತತ್ವಪದ, ಅಲಾಯಿ ಹಬ್ಬದ ಮೊಹರಂ ಪದ, ಇವೂ ಹಾಗೇ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವವರಲ್ಲಿ ಎಷ್ಟೋ ಜನ ಹಿಂದೂಗಳೇ. ಸಂಸ್ಕೃತಿಗಳ ಕೊಡುಕೊಳ್ಳು ನೋಡಲು ಶಿಕಾಗೋಕ್ಕೆ ಹೋಗುವ ಕೆಲಸ ಇಲ್ಲ, ಮೊಹರಂನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಹತ್ತಿರ ನಿಂತರೆ ಸಾಕು.

ಅವರು ಕನ್ನಡದಲ್ಲಿ ಕವಿತೆ ಬರೆದಿಲ್ಲವಾ?

ಬರೆದಿದ್ದಾರೆ. 'ಹೊಕ್ಕುಳಲ್ಲಿ ಹೂವಿಲ್ಲ' (1969), 'ಮತ್ತು ಇತರ ಪದ್ಯಗಳು' (1977), 'ಕುಂಟೋಬಿಲ್ಲೆ' (1990). 'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಸಣ್ಣ ಕಾದಂಬರಿಯೂ ಇದೆ. ಕವಿತೆಗಳು ತಣ್ಣಗೆ ನಗುತ್ತ ಚುಚ್ಚುತ್ತವೆ. ಹಾಡುವ ಕವಿತೆ ಇಷ್ಟಪಡುವವರಿಗೆ ಮೊದಲ ಸಲ ರುಚಿಸಲಿಕ್ಕಿಲ್ಲ.

ಬೇರೆ ಬರಹಗಾರರ ಮೇಲೆ ಅವರ ಪ್ರಭಾವ ಎಷ್ಟು?

ಕಾರ್ನಾಡರ ಮಾತು ಮೇಲೆ ಬಂತು. ಅನಂತಮೂರ್ತಿಯವರ 'ಸಂಸ್ಕಾರ' ಹೊರದೇಶದ ಓದುಗರಿಗೆ ಸಿಕ್ಕದ್ದು 1976ರ ರಾಮಾನುಜನ್ ಅನುವಾದದಲ್ಲಿ. ಎರಡು ಸಾವಿರ ವರ್ಷದ ಹಿಂದಿನ ತಮಿಳು ಸಂಗಂ ಕವಿತೆಗಳನ್ನು 1967ರಲ್ಲೇ ಇಂಗ್ಲಿಷಿಗೆ ಕೊಟ್ಟರು. ಭಾರತದ ಹಳೆಯ ಕವಿತೆ ಅಂದರೆ ಸಂಸ್ಕೃತ ಮಾತ್ರ ಎಂದುಕೊಂಡಿದ್ದವರ ಲೆಕ್ಕ ತಪ್ಪಿತು. ಭಾರತೀಯ ಇಂಗ್ಲಿಷ್ ಕವಿಗಳಿಗೆ, ಅಜ್ಜಿ ಮನೆಯ ಜಂತಿ, ಹಾವು, ಅಪ್ಪನ ಬೂದಿ, ಇವುಗಳ ಮೇಲೆ ಇಂಗ್ಲಿಷಿನಲ್ಲಿ ಒದ್ದಾಡದೆ ಬರೆಯಬಹುದು ಎಂದು ತೋರಿಸಿಕೊಟ್ಟರು. ಅವರ ಇಂಗ್ಲಿಷ್ ಕವಿತೆಗಳಿಗೆ ತೀರಿಕೊಂಡ ಮೇಲೆ, 1999ರಲ್ಲಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಎಲ್ಲಿಂದ ಓದಲು ಶುರು ಮಾಡಲಿ?

ಇಂಗ್ಲಿಷ್ ಕಷ್ಟವಾದರೆ ಚಿಂತೆ ಬೇಡ. ಬಲಗಡೆ ಅವರ ಅನುವಾದ, ಎಡಗಡೆ ಕನ್ನಡ ವಚನ ಇಟ್ಟುಕೊಳ್ಳಿ. ದಿನಕ್ಕೊಂದು. ಮೊದಲು ಕನ್ನಡವನ್ನು ಜೋರಾಗಿ ಓದಿ, ಆಮೇಲೆ ಇಂಗ್ಲಿಷ್. ಎಲ್ಲಿ 'ಛೇ, ಇದು ಹೀಗಲ್ಲ' ಅನ್ನಿಸುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿ. ನಮ್ಮ ಕೂಟದ ಪುಸ್ತಕದಲ್ಲಿ ಅಂಥ ಗೆರೆಗಳೇ ತುಂಬಿವೆ.

ನಮ್ಮ ಆಯಿಗೆ ಬಹಳ ಕಥೆ ಗೊತ್ತು. ಬರೆದುಕೊಳ್ಳುವುದು ಹೇಗೆ?

ಇವತ್ತೇ ಶುರು ಮಾಡಿ. ಮೊಬೈಲ್ ಮುಂದೆ ಹಿಡಿದು 'ಹೇಳು' ಅನ್ನಬೇಡಿ, ಆಯಿ ಟಿ.ವಿ.ಯವರ ಹಾಗೆ ಮಾತಾಡಲು ಶುರು ಮಾಡುತ್ತಾಳೆ. ಅವಳು ಅವರೆಕಾಯಿ ಬಿಡಿಸುವಾಗ, ಮೊಮ್ಮಗುವನ್ನು ಮಲಗಿಸುವಾಗ ಪಕ್ಕದಲ್ಲಿ ಕೂತು, ಮೊದಲು ನಿಮಗೆ ಗೊತ್ತಿರುವ ಒಂದು ಕಥೆಯನ್ನು ತಪ್ಪಾಗಿ ಹೇಳಿ. ತಿದ್ದಲು ಬಂದೇ ಬರುತ್ತಾಳೆ. ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. 'ಹೋಗ್ಯಾನ' ಅಂದರೆ 'ಹೋಗ್ಯಾನ' ಎಂದೇ ಬರೆಯಿರಿ. ಯಾರಿಂದ ಕೇಳಿದ್ದು, ಯಾವ ಊರಲ್ಲಿ, ಕೇಳುತ್ತಿದ್ದವರು ಯಾರು ಎಂದು ಕೆಳಗೆ ಗುರುತು ಹಾಕಿ. ಅವಳ ಒಪ್ಪಿಗೆ ಇಲ್ಲದೆ ಎಲ್ಲೂ ಹಾಕಬೇಡಿ.

ನಾನು ತಡಮಾಡಿದೆ. ನಮ್ಮ ಆಯಿ ಒಂದು ಏಡಿಯ ಕಥೆ ಹೇಳುತ್ತಿದ್ದಳು. ಏಡಿ ಮದುವೆಗೆ ಹೊರಡುತ್ತದೆ, ಹಳ್ಳ ದಾಟುತ್ತದೆ. ಹಳ್ಳದ ಆಚೆ ಏನಾಯಿತು ಎಂದು ನೆನಪಿಲ್ಲ. ಅಣ್ಣನಿಗೆ ಫೋನ್ ಹಚ್ಚಿ ಕೇಳಿದೆ. ಯಾವ ಏಡಿ ಅಂದ.